ಕರುಳಿನ ಕ್ಯಾನ್ಸರ್ ತಪಾಸಣೆ: ಗಡಿ ಅಂಕಿ ಹತ್ತೋ, ನೂರಿಪ್ಪತ್ತೋ?

ಮಲದೊಂದಿಗೆ ರಕ್ತ ಹೋದರೆ ನಮ್ಮ ಜನ ಮೊದಲು ನೆನೆಯುವುದು ಮೂಲವ್ಯಾಧಿಯನ್ನು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳೂ ಇದಕ್ಕೆ ಹೊರತಲ್ಲ. ಬಹುಪಾಲು ಸಂದರ್ಭಗಳಲ್ಲಿ ಈ ಊಹೆ ಸರಿಯಾಗಿಯೇ ಇರುತ್ತದೆ. ತಪ್ಪಾದಾಗ ಮಾತ್ರ ಅದರ ಬೆಲೆ ದೊಡ್ಡದು. ದೊಡ್ಡ ಕರುಳಿನಲ್ಲಿ ಅಥವಾ ಗುದನಾಳದಲ್ಲಿ ಬೆಳೆಯುತ್ತಿರುವ ಗಂಟು ತಿಂಗಳುಗಟ್ಟಲೆ ಮೂಲವ್ಯಾಧಿಯ ಹೆಸರಿನಲ್ಲಿ ಅಡಗಿ ಕುಳಿತುಬಿಡುತ್ತದೆ.

ಇಂಥ ಗಂಟನ್ನು ಬೇಗ ಪತ್ತೆಹಚ್ಚಲು ಸುಲಭವಾದೊಂದು ಮಲ ಪರೀಕ್ಷೆ ಇದೆ. ಬೆಂಗಳೂರಿನ ಆರೋಗ್ಯ ತಪಾಸಣಾ ಪ್ಯಾಕೇಜುಗಳಲ್ಲಿ ಅದು ಈಗ ಅಪರೂಪವೇನಲ್ಲ. ಚಿಟಿಕೆಯಷ್ಟು ಮಲದ ಮಾದರಿ ಸಾಕು. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ಆಸ್ಪತ್ರೆಯಲ್ಲಿ ಮಲಗುವ ಅಗತ್ಯವೂ ಇಲ್ಲ. ಕೆಲವೇ ದಿನಗಳಲ್ಲಿ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ವರದಿ ಕೈಸೇರುತ್ತದೆ. ಆದರೆ ಪ್ರಯೋಗಾಲಯದ ಯಂತ್ರ ಅಳೆಯುವುದು ಪಾಸಿಟಿವ್ ಅಥವಾ ನೆಗೆಟಿವ್ ಅನ್ನಲ್ಲ. ಅದು ಅಳೆಯುವುದು ಒಂದು ಪ್ರಮಾಣವನ್ನು: ಒಂದು ಗ್ರಾಂ ಮಲದಲ್ಲಿ ಎಷ್ಟು ಮೈಕ್ರೋಗ್ರಾಂ ಮಾನವ ಹಿಮೋಗ್ಲೋಬಿನ್ ಇದೆ ಎಂಬುದನ್ನು. ಆ ಪ್ರಮಾಣ ಎಷ್ಟಾದರೆ ಪಾಸಿಟಿವ್ ಎನ್ನಬೇಕು ಎಂಬ ಗಡಿಯನ್ನು ಎಳೆಯುವವರು ಮನುಷ್ಯರು. ಒಂದು ದೇಶದಲ್ಲಿ ಈ ಗಡಿ 20 ಇದ್ದರೆ ಮತ್ತೊಂದರಲ್ಲಿ 47, ಮಗದೊಂದರಲ್ಲಿ 120. ಒಂದೇ ಮಲದ ಮಾದರಿಯನ್ನು ಜಪಾನಿನಲ್ಲಿ ಪಾಸಿಟಿವ್ ಎಂದೂ ಸ್ಕಾಟ್ಲೆಂಡಿನಲ್ಲಿ ನೆಗೆಟಿವ್ ಎಂದೂ ಕರೆಯುವುದು ಸಾಧ್ಯ. ಇದು ವಿಜ್ಞಾನದ ದೋಷವಲ್ಲ. ಆಯಾ ದೇಶದ ಆಸ್ಪತ್ರೆಗಳ ಲೆಕ್ಕಾಚಾರ. ಆ ಲೆಕ್ಕಾಚಾರವನ್ನು ಹಾವೇರಿಯ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿ ನೋಡಿದರೆ ಗಡಿ ಅಂಕಿಯ ನಿಜವಾದ ಅರ್ಥ ತಿಳಿಯುತ್ತದೆ.

ಹಳೆಯ ಪರೀಕ್ಷೆ, ಹೊಸ ಪರೀಕ್ಷೆ

ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಹುಡುಕುವ ಪ್ರಯತ್ನ ಹೊಸದಲ್ಲ. ಗ್ವಾಯಕ್ ಎಂಬ ಮರದ ಅಂಟನ್ನು ಬಳಸುವ ವಿಧಾನ 1864ರಷ್ಟು ಹಳೆಯದು. ರಕ್ತವಿದ್ದರೆ ಅಂಟು ಹಚ್ಚಿದ ಕಾಗದ ನೀಲಿಗೆ ತಿರುಗುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ನಡೆದ ದೀರ್ಘಾವಧಿಯ ಅಧ್ಯಯನವೊಂದು ಪ್ರತಿ ವರ್ಷ ಈ ಪರೀಕ್ಷೆ ಮಾಡಿಸಿಕೊಂಡವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಿಂದಾಗುವ ಸಾವು ಮೂರನೇ ಒಂದರಷ್ಟು ಕಡಿಮೆಯಾದುದನ್ನು 1993ರಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಡೆನ್ಮಾರ್ಕಿನ ಅಧ್ಯಯನಗಳೂ, ಪ್ರಮಾಣ ಕಡಿಮೆಯಾದರೂ, ಪ್ರಯೋಜನವನ್ನು ದೃಢಪಡಿಸಿದವು.

ಗ್ವಾಯಕ್ ಪರೀಕ್ಷೆಗೆ ಒಂದು ದೊಡ್ಡ ಕೊರತೆ ಇತ್ತು. ಕುರಿ ಮಾಂಸದ ರಕ್ತ ಯಾವುದು, ಮನುಷ್ಯನ ರಕ್ತ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಹಸಿ ಮೂಲಂಗಿ ತಿಂದಿದ್ದರೂ ಅದು ದಾರಿ ತಪ್ಪಬಹುದು. ವಿಟಮಿನ್ ಸಿ ಮಾತ್ರೆ ನುಂಗಿದ್ದರೆ ಇರುವ ರಕ್ತವೂ ಅದಕ್ಕೆ ಕಾಣದೆ ಹೋದೀತು. ಹಾಗಾಗಿ ಪರೀಕ್ಷೆಗೆ ಮುನ್ನ ಪಥ್ಯ ಮಾಡಬೇಕಾಗುತ್ತಿತ್ತು. ಈಗ ಬಳಕೆಗೆ ಬಂದಿರುವ ಫೀಕಲ್ ಇಮ್ಯುನೊಕೆಮಿಕಲ್ ಟೆಸ್ಟ್, ಅಂದರೆ ಎಫ್‌ಐಟಿ, ಈ ತೊಡಕನ್ನು ನಿವಾರಿಸಿದೆ. ಮನುಷ್ಯನ ಹಿಮೋಗ್ಲೋಬಿನ್ನಿನಲ್ಲಿರುವ ಗ್ಲೋಬಿನ್ ಎಂಬ ಪ್ರೋಟೀನನ್ನು ಮಾತ್ರ ಗುರುತಿಸುವ ಪ್ರತಿಕಾಯಗಳನ್ನು ಇದರಲ್ಲಿ ಬಳಸುತ್ತಾರೆ. ಪಥ್ಯದ ಅಗತ್ಯವಿಲ್ಲ. ಜಠರ ಅಥವಾ ಸಣ್ಣ ಕರುಳಿನಲ್ಲಿ ಸೋರಿದ ರಕ್ತದ ಗ್ಲೋಬಿನ್ ದೊಡ್ಡ ಕರುಳನ್ನು ತಲುಪುವ ಹೊತ್ತಿಗೆ ಬಹುಮಟ್ಟಿಗೆ ಜೀರ್ಣವಾಗಿಬಿಡುತ್ತದೆ. ಆದ್ದರಿಂದ ಎಫ್‌ಐಟಿ ಮುಖ್ಯವಾಗಿ ದೊಡ್ಡ ಕರುಳು ಮತ್ತು ಗುದನಾಳದ ರಕ್ತಸ್ರಾವವನ್ನೇ ತೋರಿಸುತ್ತದೆ. ಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವವರನ್ನು ಕಾಡುವ ಕೊಕ್ಕೆಹುಳು ರಕ್ತ ಹೀರುವುದು ಸಣ್ಣ ಕರುಳಿನಲ್ಲಿ. ಹಾಗಾಗಿ ಗ್ರಾಮೀಣ ಪ್ರದೇಶಕ್ಕೆ ಇದೂ ಒಂದು ಅನುಕೂಲವೇ.

ಎಫ್‌ಐಟಿಯ ಇನ್ನೊಂದು ಗುಣವೆಂದರೆ ಅದು ಅಂಕಿಯನ್ನು ಕೊಡಬಲ್ಲದು. ಗ್ವಾಯಕ್ ಕಾಗದ ನೀಲಿಯಾಯಿತೇ ಇಲ್ಲವೇ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಯಂತ್ರದಲ್ಲಿ ಓದುವ ಎಫ್‌ಐಟಿಯಲ್ಲಿ ಗಡಿಯನ್ನು ಬೇಕೆಂದಲ್ಲಿ ಎಳೆಯಬಹುದು. ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

ಜರಡಿಯ ಕಣ್ಣು

ಹಾವೇರಿ ಜಿಲ್ಲೆಯ ರೈತರಿಗೆ ಗಡಿ ಅಂಕಿಯ ವಿಷಯ ಹೊಸದಲ್ಲ. ಬೆಂಬಲ ಬೆಲೆಯಲ್ಲಿ ಗೋವಿನಜೋಳ ಖರೀದಿಸುವಾಗ ತೇವಾಂಶ ಶೇ 14ನ್ನು ಮೀರಬಾರದು ಎಂಬ ನಿಯಮವಿದೆ. 14ರಲ್ಲಿ ಒಳ್ಳೆಯದಾಗಿದ್ದ ಕಾಳು 14.1ರಲ್ಲಿ ಕೆಟ್ಟುಹೋಗುವುದಿಲ್ಲ. ಆದರೂ ಎಲ್ಲಿಯಾದರೂ ಒಂದೆಡೆ ಗೆರೆ ಎಳೆಯಲೇಬೇಕು. ಮಲದಲ್ಲಿನ ಹಿಮೋಗ್ಲೋಬಿನ್ನಿನ ಕತೆಯೂ ಇದೇ. ಕ್ಯಾನ್ಸರ್ ಇರುವವರಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು, ಇಲ್ಲದವರಲ್ಲಿ ಕಡಿಮೆ. ಆದರೆ ಎರಡು ಗುಂಪುಗಳ ನಡುವೆ ಗೋಡೆಯಿಲ್ಲ. ಕೆಲವು ಗಂಟುಗಳು ಪರೀಕ್ಷೆಯ ದಿನ ರಕ್ತ ಸೋರಿಸದೇ ಇರಬಹುದು. ಆರೋಗ್ಯವಂತರ ಮಲದಲ್ಲೂ ಅಲ್ಪ ರಕ್ತವಿರಬಹುದು.

ಗಡಿಯನ್ನು ಕೆಳಗಿಳಿಸಿದರೆ ಹೆಚ್ಚು ಕ್ಯಾನ್ಸರ್‌ಗಳು ಸಿಗುತ್ತವೆ. ಜೊತೆಗೆ ಕಾಯಿಲೆಯಿಲ್ಲದ ಸಾವಿರಾರು ಮಂದಿಯೂ ಬಲೆಗೆ ಬೀಳುತ್ತಾರೆ. ಮೇಲೇರಿಸಿದರೆ ಗಾಬರಿ ಕಡಿಮೆಯಾಗುತ್ತದೆ, ಕೈತಪ್ಪುವ ಕ್ಯಾನ್ಸರ್‌ಗಳು ಹೆಚ್ಚುತ್ತವೆ. 31 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಗಡಿ 10 ಇದ್ದಾಗ ಇರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 90ರಷ್ಟು ಪತ್ತೆಯಾಗುತ್ತವೆ. ಆದರೆ ಕ್ಯಾನ್ಸರ್ ಇಲ್ಲದ ನೂರು ಮಂದಿಯಲ್ಲಿ ಸುಮಾರು ಹತ್ತು ಮಂದಿಯ ವರದಿ ಪಾಸಿಟಿವ್ ಬರುತ್ತದೆ. ಗಡಿಯನ್ನು 20ಕ್ಕೆ ಏರಿಸಿದರೆ ಪತ್ತೆಯಾಗುವುದು ಸುಮಾರು ಮುಕ್ಕಾಲು ಪಾಲು. ವೃಥಾ ಪಾಸಿಟಿವ್ ಸುಮಾರು ಅರ್ಧಕ್ಕೆ, ಅಂದರೆ ನೂರಕ್ಕೆ ಐದಕ್ಕೆ ಇಳಿಯುತ್ತದೆ.

ಪಾಸಿಟಿವ್ ಬಂದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅವರು ಮುಂದಿನ ಹಂತಕ್ಕೆ, ಅಂದರೆ ಕೊಲೊನೊಸ್ಕೋಪಿಗೆ ಹೋಗಬೇಕು ಎಂಬುದಷ್ಟೇ ಅದರ ಅರ್ಥ. ಗುದದ್ವಾರದ ಮೂಲಕ ಕ್ಯಾಮೆರಾ ಇರುವ ನಳಿಕೆಯನ್ನು ಒಳಸೇರಿಸಿ ದೊಡ್ಡ ಕರುಳನ್ನು ಉದ್ದಕ್ಕೂ ನೋಡುವ ಪರೀಕ್ಷೆ ಇದು. ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್ ಎಂಬ ಸಣ್ಣ ಗಂಟು ಕಂಡರೆ ಅಲ್ಲಿಯೇ ಕತ್ತರಿಸಿ ತೆಗೆಯಲೂಬಹುದು. ತಪಾಸಣೆಯ ನಿಜವಾದ ಲಾಭ ಇರುವುದು ಇಲ್ಲಿ. ಮಲ ಪರೀಕ್ಷೆ ಬಾಗಿಲು ತಟ್ಟುತ್ತದೆ, ಅಷ್ಟೆ.

ಎರಡು ದೇಶಗಳ ಅನುಭವ

ನೆದರ್ಲೆಂಡ್ಸ್ 2014ರ ಆರಂಭದಲ್ಲಿ ರಾಷ್ಟ್ರವ್ಯಾಪಿ ತಪಾಸಣೆ ಆರಂಭಿಸಿದಾಗ ಗಡಿ 15 ಎಂದು ನಿಗದಿಪಡಿಸಿತ್ತು. ಮುಂಚಿತವಾಗಿ ನಡೆಸಿದ ಪ್ರಾಯೋಗಿಕ ಅಧ್ಯಯನಗಳ ಆಧಾರದ ಮೇಲೆ ನೂರಕ್ಕೆ ಆರರಿಂದ ಏಳು ಮಂದಿಯ ವರದಿ ಪಾಸಿಟಿವ್ ಬರಬಹುದೆಂದು ಅಂದಾಜಿಸಲಾಗಿತ್ತು. ಬಂದದ್ದು ಹತ್ತಕ್ಕಿಂತ ಹೆಚ್ಚು. ಮೊದಲ ಸುತ್ತಿನಲ್ಲಿ ಹಿರಿಯ ವಯಸ್ಸಿನವರನ್ನು ಕರೆದದ್ದೂ ಇದಕ್ಕೆ ಒಂದು ಕಾರಣ. ಕೊಲೊನೊಸ್ಕೋಪಿ ಕೇಂದ್ರಗಳ ಮುಂದೆ ಸರತಿ ಬೆಳೆಯಿತು. ಪ್ರತಿಯೊಂದು ಫಲಿತಾಂಶವೂ ರಾಷ್ಟ್ರೀಯ ದತ್ತಾಂಶದಲ್ಲಿ ಒಡನೆಯೇ ದಾಖಲಾಗುತ್ತಿದ್ದುದರಿಂದ ಸಮಸ್ಯೆ ವರ್ಷಾಂತ್ಯದವರೆಗೆ ಕಾಯದೆ ಕಣ್ಣಿಗೆ ಬಿತ್ತು. ಅದೇ ವರ್ಷದ ಮಧ್ಯದಲ್ಲಿ ಗಡಿಯನ್ನು 47ಕ್ಕೆ ಏರಿಸಲಾಯಿತು. ಪಾಸಿಟಿವ್ ಪ್ರಮಾಣ ನೂರಕ್ಕೆ ಏಳಕ್ಕಿಂತ ಕೆಳಗಿಳಿಯಿತು. ಕೊಲೊನೊಸ್ಕೋಪಿಗೆ ಹೋದವರಲ್ಲಿ ಕ್ಯಾನ್ಸರ್ ಅಥವಾ ಅಪಾಯಕಾರಿ ಪಾಲಿಪ್ ಕಂಡವರ ಪಾಲು ಶೇ 42ರಿಂದ ಶೇ 49ಕ್ಕೆ ಏರಿತು. ಇದಕ್ಕೆ ತೆತ್ತ ಬೆಲೆಯೂ ದಾಖಲಾಗಿದೆ: ತಪಾಸಣೆಗೊಳಗಾದ ನೂರು ಮಂದಿಯಲ್ಲಿ ಇಂಥ ತೊಂದರೆ ಪತ್ತೆಯಾಗುತ್ತಿದ್ದವರ ಪ್ರಮಾಣ 4.5ರಿಂದ 3.3ಕ್ಕೆ ಇಳಿಯಿತು.

ಬ್ರಿಟನ್ನಿನ ಕತೆ ಇನ್ನೂ ನೇರವಾದುದು. ಅಲ್ಲಿನ ರಾಷ್ಟ್ರೀಯ ತಪಾಸಣಾ ಸಮಿತಿ 2018ರಲ್ಲಿ ಮಾಡಿದ ಶಿಫಾರಸು, 50ರಿಂದ 74 ವರ್ಷದವರಿಗೆ ಗಡಿ 20ರಷ್ಟು ಕೆಳಗಿರಬೇಕು ಎಂದು. ಮರುವರ್ಷ ಇಂಗ್ಲೆಂಡ್ ಎಫ್‌ಐಟಿ ಆರಂಭಿಸಿದ್ದು 120ರ ಗಡಿಯೊಂದಿಗೆ! ಸ್ಕಾಟ್ಲೆಂಡ್ 2017ರಲ್ಲಿ 80ರೊಂದಿಗೆ ಆರಂಭಿಸಿತ್ತು. ಕಾರಣ ಗುಟ್ಟಾಗಿರಲಿಲ್ಲ, ಅಷ್ಟೊಂದು ಕೊಲೊನೊಸ್ಕೋಪಿ ಮಾಡಲು ತಜ್ಞರೂ ದಾದಿಯರೂ ಇರಲಿಲ್ಲ. ಇಂಗ್ಲೆಂಡಿನಲ್ಲೇ ನಡೆದಿದ್ದ ಪ್ರಾಯೋಗಿಕ ತಪಾಸಣೆಯಲ್ಲಿ 20ರ ಗಡಿಗೆ ನೂರಕ್ಕೆ ಸುಮಾರು ಎಂಟು ಮಂದಿ ಪಾಸಿಟಿವ್ ಆಗಿದ್ದರು. 180ಕ್ಕೆ ಏರಿಸಿದಾಗ ಎರಡಕ್ಕಿಂತಲೂ ಕಡಿಮೆ. ಶ್ರೀಮಂತ ದೇಶವೊಂದು ತಾನೇ ಒಪ್ಪಿದ ಉತ್ತಮ ಗಡಿಯಿಂದ ಆರು ಪಟ್ಟು ಮೇಲೆ ನಿಂತು ಕೆಲಸ ಆರಂಭಿಸಬೇಕಾಯಿತು ಎಂಬುದನ್ನು ನಮ್ಮ ಯೋಜನಾಕಾರರು ಗಮನಿಸಬೇಕು.

ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ಗೋಟ್ಲಾಂಡ್ ಪ್ರದೇಶ 2015ರಲ್ಲಿ ಮತ್ತೊಂದು ದಾರಿ ಹಿಡಿಯಿತು: ಮಹಿಳೆಯರಿಗೆ 40, ಪುರುಷರಿಗೆ 80. ಮಹಿಳೆಯರ ಮಲದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಸರಾಸರಿಯಲ್ಲಿ ಕಡಿಮೆ ಇರುವುದರಿಂದ ಇಬ್ಬರಿಗೂ ಒಂದೇ ಗಡಿ ಇಟ್ಟರೆ ಮಹಿಳೆಯರ ಕ್ಯಾನ್ಸರ್‌ಗಳೇ ಹೆಚ್ಚು ಕೈತಪ್ಪುತ್ತವೆ ಎಂಬುದು ಇದರ ಹಿಂದಿನ ತರ್ಕ.

ನಾಲ್ಕು ತಾಲ್ಲೂಕುಗಳ ಲೆಕ್ಕ

ಭಾರತದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. 2016ರಲ್ಲಿ ರೂಪಿಸಲಾದ ಮಾರ್ಗಸೂಚಿಯು 30 ವರ್ಷ ದಾಟಿದವರಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಆದ್ಯತೆ ನೀಡಿತು. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಇದಕ್ಕೆ ಸಕಾರಣವಿದೆ. ಈ ಕ್ಯಾನ್ಸರ್ ಭಾರತದಲ್ಲಿ ವಯೋಮಾನದ ಹೊಂದಾಣಿಕೆಯ ನಂತರ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಐದು ಮಂದಿಗೆ ಬರುತ್ತದೆ. ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಆ ಸಂಖ್ಯೆ 40ರಷ್ಟು ಅಥವಾ ಅದಕ್ಕೂ ಹೆಚ್ಚು. ಹಾಗಿದ್ದರೂ ದೇಶದ ಜನಸಂಖ್ಯೆ ಅಗಾಧವಾದುದರಿಂದ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು ಸೇರ್ಪಡೆಯಾಗುತ್ತಾರೆ.

ಈಗ ಲೆಕ್ಕಕ್ಕಾಗಿ ಒಂದು ಕಲ್ಪನೆ ಮಾಡಿಕೊಳ್ಳಬಹುದು. ನಾಲ್ಕೂ ತಾಲ್ಲೂಕುಗಳಲ್ಲಿ 50 ದಾಟಿದ ಒಂದು ಲಕ್ಷ ಜನರನ್ನು ಪರೀಕ್ಷಿಸಲಾಯಿತು, ಅವರಲ್ಲಿ 50 ಮಂದಿಗೆ ಲಕ್ಷಣಗಳಿಲ್ಲದ ಕ್ಯಾನ್ಸರ್ ಇದೆ ಎಂದುಕೊಳ್ಳೋಣ. ಇದು ಸಮೀಕ್ಷೆಯ ಅಂಕಿಯಲ್ಲ, ತರ್ಕವನ್ನು ತೋರಿಸಲು ಹಿಡಿದ ಅಂಕಿ.

ಗಡಿ 20 ಇದ್ದರೆ 50ರಲ್ಲಿ 37 ಅಥವಾ 38 ಕ್ಯಾನ್ಸರ್‌ಗಳು ಪತ್ತೆಯಾಗುತ್ತವೆ. ಜೊತೆಗೆ ಕ್ಯಾನ್ಸರ್ ಇಲ್ಲದ ಸುಮಾರು 5,000 ಮಂದಿಯ ವರದಿಯೂ ಪಾಸಿಟಿವ್ ಬರುತ್ತದೆ. ಒಂದು ಕ್ಯಾನ್ಸರ್ ಕಂಡುಹಿಡಿಯಲು ಸುಮಾರು 135 ಕೊಲೊನೊಸ್ಕೋಪಿ. ಗಡಿಯನ್ನು 10ಕ್ಕೆ ಇಳಿಸಿದರೆ ಸಿಗುವ ಕ್ಯಾನ್ಸರ್‌ಗಳು 45, ಕೊಲೊನೊಸ್ಕೋಪಿಗಳು ಸುಮಾರು 10,000. ಹೆಚ್ಚುವರಿಯಾಗಿ ಸಿಕ್ಕ ಏಳೆಂಟು ಕ್ಯಾನ್ಸರ್‌ಗಳಿಗಾಗಿ ಹೆಚ್ಚುವರಿ 5,000 ಕೊಲೊನೊಸ್ಕೋಪಿ! ಇದೇ ಲೆಕ್ಕವನ್ನು ಕ್ಯಾನ್ಸರ್ ಪ್ರಮಾಣ ಹತ್ತು ಪಟ್ಟು ಹೆಚ್ಚಿರುವ ಊರಿಗೆ ಹಾಕಿದರೆ, 20ರ ಗಡಿಯಲ್ಲಿ ಪ್ರತಿ 14 ಕೊಲೊನೊಸ್ಕೋಪಿಗೆ ಒಂದು ಕ್ಯಾನ್ಸರ್ ಸಿಗುತ್ತದೆ. ಪರೀಕ್ಷೆ ಅದೇ, ಗಡಿಯೂ ಅದೇ. ರೋಗ ವಿರಳವಾದೆಡೆ ಪಾಸಿಟಿವ್ ವರದಿಯ ತೂಕ ಹಗುರಾಗುತ್ತದೆ. ಪಾಲಿಪ್‌ಗಳು ಸಿಗುವ ಲಾಭವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ ಎಂಬುದನ್ನೂ ಹೇಳಬೇಕು. ಸೇರಿಸಿದರೆ ಚಿತ್ರ ಸ್ವಲ್ಪ ಸುಧಾರಿಸುತ್ತದೆ, ತಲೆಕೆಳಗಾಗುವುದಿಲ್ಲ.

5,000 ಕೊಲೊನೊಸ್ಕೋಪಿ ಎಂದರೇನು? ಒಂದು ಘಟಕ ದಿನಕ್ಕೆ ಹತ್ತರಂತೆ ವರ್ಷದಲ್ಲಿ 250 ದಿನ ಕೆಲಸ ಮಾಡಿದರೆ 2,500 ಆಗುತ್ತದೆ. ಅಂದರೆ 20ರ ಗಡಿಯ ಪಾಸಿಟಿವ್‌ಗಳಿಗಷ್ಟೇ ಎರಡು ವರ್ಷ, 10ರ ಗಡಿಯವರಿಗೆ ನಾಲ್ಕು ವರ್ಷ ಬೇಕು. ಅಷ್ಟೂ ದಿನ ಆ ಘಟಕ ಬೇರೆ ಯಾರನ್ನೂ ನೋಡುವಂತಿಲ್ಲ. ಆದರೆ ಬೇರೆಯವರು ಇದ್ದೇ ಇರುತ್ತಾರೆ: ಮೂರು ತಿಂಗಳಿಂದ ರಕ್ತ ಹೋಗುತ್ತಿರುವ ಹಿರೇಕೆರೂರಿನ ರೈತ, ಕಾರಣ ತಿಳಿಯದ ರಕ್ತಹೀನತೆಯಿಂದ ಏದುಸಿರು ಬಿಡುವ ಸವಣೂರಿನ ಎಲೆಬಳ್ಳಿ ತೋಟದ ಕೂಲಿ. ಏನೂ ತೊಂದರೆಯಿಲ್ಲದ ಸಾವಿರಾರು ಮಂದಿಯ ಸರತಿಯಲ್ಲಿ ಇವರು ಹಿಂದೆ ಸರಿದುಬಿಟ್ಟರೆ ತಪಾಸಣೆಯೇ ಅಪಾಯಕಾರಿಯಾಗುತ್ತದೆ.

ಕಾಯುವಿಕೆಗೂ ಒಂದು ಗಡಿಯಿದೆ. ಅಮೆರಿಕದಲ್ಲಿ ಎಫ್‌ಐಟಿ ಪಾಸಿಟಿವ್ ಆದ 70 ಸಾವಿರ ಮಂದಿಯನ್ನು ಕುರಿತ 2017ರ ಅಧ್ಯಯನದಲ್ಲಿ, ಕೊಲೊನೊಸ್ಕೋಪಿ ಒಂಬತ್ತು ತಿಂಗಳವರೆಗೆ ತಡವಾದರೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹತ್ತು ತಿಂಗಳು ದಾಟಿದಾಗ ಕ್ಯಾನ್ಸರ್, ಅದರಲ್ಲೂ ಮುಂದುವರಿದ ಹಂತದ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಂಭವ ಹೆಚ್ಚಿತು. ಎರಡು ವರ್ಷದ ಸರತಿಯನ್ನು ಸೃಷ್ಟಿಸುವ ಗಡಿ ಅಂಕಿ, ತಾನು ಕಂಡುಹಿಡಿದ ಕ್ಯಾನ್ಸರನ್ನು ತಾನೇ ಬೆಳೆಯಬಿಟ್ಟಂತಾಗುತ್ತದೆ.

ಹಾಗಾದರೆ ಇಂಗ್ಲೆಂಡಿನ ಹಾಗೆ ಗಡಿಯನ್ನು ಮೇಲಕ್ಕೆ ಒಯ್ದರೆ? ನೂರಕ್ಕೆ ಇಬ್ಬರು ಮಾತ್ರ ಪಾಸಿಟಿವ್ ಆಗುವಷ್ಟು ಏರಿಸಿದರೆ ಕೊಲೊನೊಸ್ಕೋಪಿ 2,000ಕ್ಕೆ ಇಳಿಯುತ್ತದೆ; ಒಂದೇ ವರ್ಷದಲ್ಲಿ ಮುಗಿಯುತ್ತದೆ. ಅರ್ಧದಷ್ಟು ಕ್ಯಾನ್ಸರ್‌ಗಳಷ್ಟೇ ಸಿಕ್ಕವು ಎಂದಿಟ್ಟುಕೊಂಡರೂ 25 ಮಂದಿಗೆ ಬೇಗ ಚಿಕಿತ್ಸೆ ದೊರೆಯುತ್ತದೆ. ತಪ್ಪಿಸಿಕೊಂಡವುಗಳಲ್ಲಿ ಕೆಲವು ಎರಡು ವರ್ಷದ ನಂತರದ ಮರುಪರೀಕ್ಷೆಯಲ್ಲಿ ಸಿಗುತ್ತವೆ. ಕಾಗದದ ಮೇಲೆ ಕಳಪೆಯಾಗಿ ಕಾಣುವ ಗಡಿ ನೆಲದ ಮೇಲೆ ಹೆಚ್ಚು ಜೀವ ಉಳಿಸುವುದು ಹೀಗೆ.

ಕೊಲೊನೊಸ್ಕೋಪಿ ಎಂಬುದು ಮನೆಯಂಗಳದ ಸೇವೆಯಲ್ಲ ಎಂಬುದನ್ನೂ ಮರೆಯುವಂತಿಲ್ಲ. ನಾಲ್ಕೂ ಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಜಿಲ್ಲಾಸ್ಪತ್ರೆ ಹಾವೇರಿಯಲ್ಲಿದೆ, 2022ರಲ್ಲಿ ವೈದ್ಯಕೀಯ ಕಾಲೇಜೂ ಬಂದಿದೆ. ಆದರೂ ಇಂಥ ತಜ್ಞ ಸೇವೆಗಳಿಗೆ ಈ ಭಾಗದವರು ರೂಢಿಯಿಂದ ನೋಡುವುದು ಹುಬ್ಬಳ್ಳಿ ಅಥವಾ ದಾವಣಗೆರೆಯತ್ತ. ಶಿಗ್ಗಾವಿ ಹೆದ್ದಾರಿಯ ಮೇಲಿದೆ, ಹುಬ್ಬಳ್ಳಿ ದೂರವಲ್ಲ. ಹಾನಗಲ್, ಹಿರೇಕೆರೂರುಗಳಿಗೆ ರೈಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆಯಿಂದ ಲೀಟರುಗಟ್ಟಲೆ ಭೇದಿ ಔಷಧ ಕುಡಿದು ಕರುಳನ್ನು ಬರಿದು ಮಾಡಿಕೊಳ್ಳಬೇಕು. ಅರವತ್ತು ದಾಟಿದ ಹೆಣ್ಣುಮಗಳೊಬ್ಬಳು ಆ ಸ್ಥಿತಿಯಲ್ಲಿ ಹಿರೇಕೆರೂರಿನಿಂದ ಬೆಳಗಿನ ಬಸ್ ಹತ್ತುವುದನ್ನು ಊಹಿಸಿಕೊಳ್ಳುವುದೂ ಕಷ್ಟ. ಜೊತೆಗೆ ಬರುವ ಮಗನ ಎರಡು ದಿನದ ಕೂಲಿ, ಹಿಂದಿನ ರಾತ್ರಿ ಉಳಿಯಲು ವಸತಿ ಇವೆಲ್ಲ ಸೇರುತ್ತವೆ. ಅಪರೂಪಕ್ಕೆ, ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಾದರೂ, ಕರುಳಿಗೆ ತೂತು ಬೀಳುವ ಅಪಾಯವೂ ಇದೆ. ಗಡಿಯನ್ನು ಒಂದಂಕಿ ಇಳಿಸಿದಾಗ ಹೆಚ್ಚುವ ‘ವೃಥಾ ಪಾಸಿಟಿವ್’ ಎಂದರೆ ಇಂಥ ಪ್ರಯಾಣಗಳು.

ತಪಾಸಣೆ ಬೇರೆ, ರೋಗಲಕ್ಷಣ ಬೇರೆ

ಮೇಲಿನ ಲೆಕ್ಕವೆಲ್ಲ ಯಾವುದೇ ತೊಂದರೆಯಿಲ್ಲದ ಜನರ ಸಾಮೂಹಿಕ ತಪಾಸಣೆಗೆ ಸಂಬಂಧಿಸಿದ್ದು. ರೋಗಲಕ್ಷಣ ಇರುವವರ ವಿಷಯದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಹಲವು ವಾರಗಳಿಂದ ಮಲವಿಸರ್ಜನೆಯ ರೀತಿ ಬದಲಾಗಿರುವುದು, ರಕ್ತ ಹೋಗುವುದು, ತೂಕ ಇಳಿಯುವುದು, ಕಾರಣವಿಲ್ಲದ ರಕ್ತಹೀನತೆ ಇದ್ದವರಲ್ಲಿ ಕ್ಯಾನ್ಸರ್ ಸಿಗುವ ಸಂಭವ ಹಲವು ಪಟ್ಟು ಹೆಚ್ಚು. ಇಂಥವರಿಗೆ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2023ರಲ್ಲಿ ಸೂಚಿಸಿದ ಗಡಿ 10. ತಪಾಸಣೆಗೆ 120 ಇಟ್ಟುಕೊಂಡಿದ್ದ ದೇಶವೇ ರೋಗಲಕ್ಷಣದವರಿಗೆ 10 ಎಂದದ್ದು ವಿರೋಧಾಭಾಸವಲ್ಲ.

ಇಂಗ್ಲೆಂಡಿನಲ್ಲಿ ಶಂಕಿತ ಲಕ್ಷಣಗಳಿದ್ದ ಸುಮಾರು 9,800 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಂದು ಆಧಾರ. ಅವರಲ್ಲಿ ನೂರಕ್ಕೆ ಮೂವರಿಗೆ ಕ್ಯಾನ್ಸರ್ ಇತ್ತು. 10ರ ಗಡಿ ಅವುಗಳಲ್ಲಿ ಶೇ 91ರಷ್ಟನ್ನು ಹಿಡಿಯಿತು. ಇದೇ ಪ್ರಮಾಣದಲ್ಲಿ ಸಾವಿರ ರೋಗಿಗಳನ್ನು ತೆಗೆದುಕೊಂಡರೆ, ಸಾವಿರ ಕೊಲೊನೊಸ್ಕೋಪಿಯ ಬದಲು ಸುಮಾರು 190 ಸಾಕಾಗುತ್ತವೆ. ಇರುವ 33 ಕ್ಯಾನ್ಸರ್‌ಗಳಲ್ಲಿ 30 ಸಿಗುತ್ತವೆ. ಆರೇಳು ಕೊಲೊನೊಸ್ಕೋಪಿಗೆ ಒಂದು ಕ್ಯಾನ್ಸರ್. ಸಾಮೂಹಿಕ ತಪಾಸಣೆಯ 135 ಎಲ್ಲಿ, ಇದೆಲ್ಲಿ!

ಹಾನಗಲ್, ಶಿಗ್ಗಾವಿಯಂಥ ತಾಲ್ಲೂಕುಗಳಿಗೆ ಎಫ್‌ಐಟಿ ಮೊದಲು ಬರಬೇಕಾದದ್ದು ಈ ರೂಪದಲ್ಲಿ ಎಂಬುದು ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ. ಮನೆಮನೆಗೆ ಕಿಟ್ ಹಂಚುವ ಶಿಬಿರ ಛಾಯಾಚಿತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಮೂಲವ್ಯಾಧಿಯೆಂದು ಬಂದವರನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಬೆರಳಿನಿಂದ ಗುದನಾಳ ಪರೀಕ್ಷಿಸಿ, ರಕ್ತದ ಹಿಮೋಗ್ಲೋಬಿನ್ ನೋಡಿ, ಎಫ್‌ಐಟಿ ಮಾಡಿಸಿ, 10 ದಾಟಿದವರನ್ನು ತ್ವರಿತವಾಗಿ ಕೊಲೊನೊಸ್ಕೋಪಿಗೆ ಕಳುಹಿಸುವ ವ್ಯವಸ್ಥೆ ಹೆಚ್ಚು ಉಪಯುಕ್ತ. ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೆ 2013–14ರ ಅವಧಿಯಲ್ಲಿ ಬಂದ ಸುಮಾರು 800 ರೋಗಿಗಳ ಸರಾಸರಿ ವಯಸ್ಸು 47ರ ಆಸುಪಾಸಿನಲ್ಲಿತ್ತು. ಗುದನಾಳದ ಕ್ಯಾನ್ಸರಿನದೇ ದೊಡ್ಡ ಪಾಲು. 50 ದಾಟಿದವರನ್ನಷ್ಟೇ ಕರೆಯುವ ಪಾಶ್ಚಾತ್ಯ ಮಾದರಿಯ ತಪಾಸಣೆ ಇಂಥವರಲ್ಲಿ ಅನೇಕರನ್ನು ತಲುಪುವುದೇ ಇಲ್ಲ. ಗುದನಾಳದ ಕೆಳಭಾಗದ ಗಂಟು ವೈದ್ಯರ ಬೆರಳಿಗೇ ಸಿಗಬಹುದು. ಸಂಕೋಚದಿಂದಲೋ ಸಮಯದ ಅಭಾವದಿಂದಲೋ ಈ ಪರೀಕ್ಷೆಯನ್ನು ಬಿಟ್ಟುಬಿಟ್ಟರೆ ಯಾವ ಗಡಿ ಅಂಕಿಯೂ ನೆರವಿಗೆ ಬಾರದು.

10ಕ್ಕಿಂತ ಕಡಿಮೆ ಬಂದವರೂ ನಿಶ್ಚಿಂತರಲ್ಲ. ನೂರು ಕ್ಯಾನ್ಸರ್‌ಗಳಲ್ಲಿ ಒಂಬತ್ತು ಈ ಗಡಿಯ ಕೆಳಗೂ ನುಸುಳಿದ್ದವು. ಲಕ್ಷಣ ಮುಂದುವರಿದರೆ ಮತ್ತೆ ವೈದ್ಯರ ಬಳಿ ಹೋಗಲೇಬೇಕು.

ವರದಿಯಲ್ಲಿ ಅಂಕಿ ಇದೆಯೇ?

ನಗರದ ಓದುಗರಿಗೂ ಇದರಲ್ಲಿ ಕಲಿಯುವುದಿದೆ. ಹಲವು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ಗರ್ಭ ಪರೀಕ್ಷೆಯ ಪಟ್ಟಿಯಂಥ ಕಾರ್ಡ್. ಗೆರೆ ಮೂಡಿದರೆ ಪಾಸಿಟಿವ್. ಗಡಿಯನ್ನು ತಯಾರಕರೇ ಮೊದಲೇ ನಿರ್ಧರಿಸಿರುತ್ತಾರೆ. ಆಸ್ಪತ್ರೆಗೆ ಅದನ್ನು ಬದಲಿಸಲು ಬಾರದು, ರೋಗಿಗೆ ಅದು ಗೊತ್ತೇ ಇರುವುದಿಲ್ಲ. ಜರ್ಮನಿಯ ಸಂಶೋಧಕರು ಅಂಕಿ ಕೊಡುವ ಒಂಬತ್ತು ಬಗೆಯ ಎಫ್‌ಐಟಿಗಳನ್ನು ಒಂದೇ ಮಾದರಿಗಳ ಮೇಲೆ ಹೋಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ತಯಾರಕರು ಸೂಚಿಸಿದ ಗಡಿಗಳು 2ರಿಂದ 17ರವರೆಗೆ ಹರಡಿಕೊಂಡಿದ್ದವು, ಫಲಿತಾಂಶಗಳೂ ಅದಕ್ಕೆ ತಕ್ಕಂತೆ ಅಜಗಜಾಂತರ. ವೃಥಾ ಪಾಸಿಟಿವ್‌ಗಳ ಪ್ರಮಾಣ ಸಮನಾಗುವಂತೆ ಗಡಿಗಳನ್ನು ಹೊಂದಿಸಿದಾಗ ಒಂಬತ್ತೂ ಹೆಚ್ಚುಕಡಿಮೆ ಒಂದೇ ಆದವು. ಬ್ರಾಂಡಿನ ಹೆಸರಿಗಿಂತ ಗಡಿ ಅಂಕಿಯೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಮಾನದ ಗೊಂದಲವೂ ಉಂಟು. ಕೆಲವು ವರದಿಗಳು ಮಿಲಿಲೀಟರ್ ದ್ರಾವಣಕ್ಕೆ ಇಷ್ಟು ನ್ಯಾನೋಗ್ರಾಂ ಎಂದು ಹೇಳುತ್ತವೆ. ಒಂದೊಂದು ಕಿಟ್ಟಿನಲ್ಲಿ ಮಲದ ತೂಕವೂ ದ್ರಾವಣದ ಅಳತೆಯೂ ಬೇರೆ ಬೇರೆ. ಹಾಗಾಗಿ ಒಂದರ 100 ಮತ್ತೊಂದರ 100ಕ್ಕೆ ಸಮನಲ್ಲ. ವ್ಯಾಪಕ ಬಳಕೆಯಲ್ಲಿರುವ ಜಪಾನಿನ ಕಿಟ್ ಒಂದರಲ್ಲಿ 100 ನ್ಯಾನೋಗ್ರಾಂ ಎಂದರೆ ಗ್ರಾಂ ಮಲಕ್ಕೆ 20 ಮೈಕ್ರೋಗ್ರಾಂ. ಇದನ್ನು ತಪ್ಪಿಸಲು ಎಲ್ಲರೂ ಗ್ರಾಂ ಮಲಕ್ಕೆ ಮೈಕ್ರೋಗ್ರಾಂ ಎಂಬ ಮಾನವನ್ನೇ ಬಳಸಬೇಕೆಂದು ತಜ್ಞರು 2012ರಲ್ಲೇ ಸೂಚಿಸಿದ್ದರು. ವರದಿ ಪಡೆಯುವವರು ಅಂಕಿ, ಮಾನ, ಗಡಿ ಈ ಮೂರನ್ನೂ ಕೇಳಿ ಬರೆಸಿಕೊಳ್ಳುವುದು ಒಳಿತು.

ಬಿಸಿಲಿನ ಮಾತು ಕೊನೆಗೆ ಬಂದರೂ ಕಡಿಮೆ ಮುಖ್ಯವಲ್ಲ. ಹಿಮೋಗ್ಲೋಬಿನ್ ಶಾಖಕ್ಕೆ ಕೆಡುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಸುಮಾರು ಎರಡು ಲಕ್ಷ ಪರೀಕ್ಷೆಗಳನ್ನು ಪರಿಶೀಲಿಸಿದಾಗ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಪಾಸಿಟಿವ್ ಬರುವ ಸಂಭವ ಶೇ 17ರಷ್ಟು ಕಡಿಮೆ ಇದ್ದುದು 2010ರಲ್ಲಿ ಬೆಳಕಿಗೆ ಬಂತು. ಏಪ್ರಿಲ್ ತಿಂಗಳಲ್ಲಿ ಹಳ್ಳಿಯ ಮಾದರಿಯೊಂದು ಬಸ್ಸಿನ ಚೀಲದಲ್ಲಿ ಅರ್ಧ ದಿನ ಕಳೆದು ಹಾವೇರಿಯ ಪ್ರಯೋಗಾಲಯ ತಲುಪಿದರೆ, ಕಾಗದದ ಮೇಲೆ 20 ಎಂದಿರುವ ಗಡಿ ಅದಾಗಿಯೇ ಮೇಲೇರಿರುತ್ತದೆ. ಲಸಿಕೆ ಸಾಗಿಸುವ ತಂಪು ಪೆಟ್ಟಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸವಲ್ಲ. ಮಾದರಿಗಳಿಗೂ ಪ್ರತ್ಯೇಕವಾಗಿ ಅಂಥದ್ದೇ ಏರ್ಪಾಡು ಮಾಡಿ, ಸಂಗ್ರಹಿಸಿದ ದಿನಾಂಕ ಮತ್ತು ವೇಳೆಯನ್ನು ಕೊಳವೆಯ ಮೇಲೆ ಬರೆಯಬೇಕಾಗುತ್ತದೆ. ನಾಲ್ಕು ತಾಲ್ಲೂಕು ಆಸ್ಪತ್ರೆಗಳ ಮೊದಲ ಸಾವಿರ ವರದಿಗಳು ಪಾಸಿಟಿವ್, ನೆಗೆಟಿವ್ ಎಂಬ ಬರಿಯ ಶಬ್ದಗಳ ಬದಲು ಅಂಕಿಗಳಾಗಿ, ವಯಸ್ಸು, ಲಿಂಗ ಮತ್ತು ಕೊಲೊನೊಸ್ಕೋಪಿಯ ಫಲಿತಾಂಶದೊಂದಿಗೆ ಒಂದೇ ದಾಖಲೆಯಲ್ಲಿ ಸೇರಿದರೆ, ಈ ಭಾಗಕ್ಕೆ ಒಪ್ಪುವ ಗಡಿ ಯಾವುದೆಂದು ಆ ದಾಖಲೆಯಿಂದಲೇ ಲೆಕ್ಕ ಹಾಕಬಹುದು.